ಸಾಲ ಬೇರೆ, ದುಡಿಮೆ ಬೇರೆ: ಉದ್ಯಾನ ಕೆಲಸದಲ್ಲಿ ಜೀತ ತಡೆಯುವ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದ ಮನೆಯಂಗಳ, ಕಾಲೇಜು ಆವರಣ, ಅಪಾರ್ಟ್‌ಮೆಂಟ್ ಮತ್ತು ಕಾರ್ಖಾನೆಗಳ ಉದ್ಯಾನಗಳನ್ನು ಬೆಳೆಸಿ ನೋಡಿಕೊಳ್ಳುವ ಸಣ್ಣ ಸಂಸ್ಥೆ ನಮ್ಮದು. ಗದಗ, ಹಾವೇರಿ ಕಡೆಯೂ ಕೆಲಸ ನಡೆಯುತ್ತದೆ. ಪಗಾರದ ಲೆಕ್ಕ ಮತ್ತು ಸಾಮಾನಿನ ಖರೀದಿ ಎರಡನ್ನೂ ನಾನೇ ನೋಡಿಕೊಳ್ಳುತ್ತೇನೆ. ಗ್ರಾಹಕರು, ಗೊಬ್ಬರ-ಕಲ್ಲು ಪೂರೈಸುವವರು, ಮೇಸ್ತ್ರಿಗಳು, ಕೆಲಸ ಕೇಳಿಕೊಂಡು ಬರುವವರು ಎತ್ತುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಎಲ್ಲ ಉತ್ತರಗಳ ಹಿಂದೆಯೂ ಇರುವ ನಿಯಮ ಒಂದೇ: ಒಬ್ಬರ ಸಾಲಕ್ಕೂ ಅವರ ದುಡಿಮೆಗೂ ಗಂಟು ಹಾಕಬಾರದು.

ಜೀತ ಪದ್ಧತಿ ಎಂದೋ ರದ್ದಾಯಿತಲ್ಲ? ಗಿಡಕ್ಕೆ ನೀರು ಹಾಕುವ ಕೆಲಸದಲ್ಲಿ ಅದರ ಮಾತೇಕೆ?

ಸಂವಿಧಾನದ 23ನೇ ವಿಧಿ ಮಾನವ ಸಾಗಣೆಯನ್ನೂ ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿದೆ. ಜೀತ ಪದ್ಧತಿ ರದ್ದತಿ ಕಾಯ್ದೆ 1976ರಲ್ಲಿ ಬಂತು. ಅದಕ್ಕೂ ಮೊದಲು 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಹೊರಟಿದ್ದರಿಂದ, ರದ್ದತಿ ಆ ದಿನಾಂಕದಿಂದಲೇ ಲೆಕ್ಕಕ್ಕೆ ಬರುತ್ತದೆ. ಕಾಗದದ ಮೇಲೆ ಅಲ್ಲಿಗೆ ಮುಗಿಯಿತು. ಆದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2021ರಲ್ಲಿ ಜಗತ್ತಿನಾದ್ಯಂತ 2 ಕೋಟಿ 76 ಲಕ್ಷ ಜನ ಬಲವಂತದ ದುಡಿಮೆಯಲ್ಲಿದ್ದರು.

ಈಗ ಯಾರ ಕಾಲಿಗೂ ಸರಪಳಿ ಕಾಣುವುದಿಲ್ಲ. ಮಗಳ ಮದುವೆಗೆಂದೋ ಆಸ್ಪತ್ರೆಯ ಖರ್ಚಿಗೆಂದೋ ಪಡೆದ ಮುಂಗಡ, ಅದನ್ನು ತೀರಿಸುವ ತನಕ ಬೇರೆಡೆ ಹೋಗುವಂತಿಲ್ಲ ಎಂಬ ಮಾತು, ಮೇಸ್ತ್ರಿಯ ಜೇಬಿನಲ್ಲಿರುವ ಆಧಾರ್ ಕಾರ್ಡ್ ಇಷ್ಟೇ ಸಾಕಾಗುತ್ತದೆ. ನಮ್ಮ ಕೆಲಸದಲ್ಲಿ ಇದಕ್ಕೆ ಅನುಕೂಲ ಹೆಚ್ಚು. ಕೆಲಸದ ಜಾಗಗಳು ಊರ ತುಂಬ ಚದುರಿವೆ. ಕಾಂಪೌಂಡಿನ ಒಳಗೆ ಏನು ನಡೆಯುತ್ತದೆ ಎಂದು ರಸ್ತೆಯಲ್ಲಿ ಹೋಗುವವರಿಗೆ ಕಾಣುವುದಿಲ್ಲ. ಆಳುಗಳನ್ನು ಕರೆತರುವವನು ಒಬ್ಬ, ಕೆಲಸ ಹೇಳುವವನು ಇನ್ನೊಬ್ಬ, ದುಡ್ಡು ಕೊಡುವವನು ಮತ್ತೊಬ್ಬ. ಹೀಗೆ ಮೂರು ಕೈ ದಾಟಿ ಬರುವಾಗ ಯಾರ ಕೈಯಲ್ಲಿ ಎಷ್ಟು ಉಳಿಯಿತು ಎಂದು ಕೇಳುವವರು ಇರುವುದಿಲ್ಲ.

ಕಾನೂನು ಯಾವುದನ್ನು ಜೀತ ಎನ್ನುತ್ತದೆ? ಮುಂಗಡ ಕೊಟ್ಟರೆಲ್ಲ ಜೀತವೇ?

ಅಲ್ಲ. ಮುಂಗಡ ಪಡೆದ ಕಾರಣಕ್ಕೆ ಒಬ್ಬ ವ್ಯಕ್ತಿ ನಾಲ್ಕರಲ್ಲಿ ಯಾವುದಾದರೂ ಒಂದನ್ನು ಕಳೆದುಕೊಂಡರೆ ಅದು ಜೀತ. ಕೂಲಿ ಇಲ್ಲದೆ ಅಥವಾ ನಾಮಮಾತ್ರ ಕೂಲಿಗೆ ದುಡಿಯಬೇಕಾಗಿ ಬರುವುದು ಮೊದಲನೆಯದು. ಬೇರೆ ಕಡೆ ಕೆಲಸಕ್ಕೆ ಸೇರುವ ಸ್ವಾತಂತ್ರ್ಯ ಹೋಗುವುದು ಎರಡನೆಯದು. ಬೇಕಾದಲ್ಲಿಗೆ ಹೋಗಿಬರುವ ಹಕ್ಕು ಹೋಗುವುದು ಮೂರನೆಯದು. ತನ್ನ ದುಡಿಮೆಯ ಫಲವನ್ನು ಮಾರುಕಟ್ಟೆಯ ಬೆಲೆಗೆ ಮಾರುವ ಹಕ್ಕು ಹೋಗುವುದು ನಾಲ್ಕನೆಯದು. ನಾಲ್ಕೂ ಒಟ್ಟಿಗೆ ಇರಬೇಕಿಲ್ಲ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ.

ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನಕ್ಕಿಂತ ಕಡಿಮೆಯಿದ್ದರೆ ಅದು ಈ ಕಾಯ್ದೆಯ ದೃಷ್ಟಿಯಲ್ಲಿ ನಾಮಮಾತ್ರ ಕೂಲಿ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲಿ ಇನ್ನೂ ಮುಂದೆ ಹೋಗಿ, ಹಸಿವಿನಿಂದಾಗಿ ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ಒಪ್ಪಿ ದುಡಿಯುವುದೂ 23ನೇ ವಿಧಿ ಹೇಳುವ ಬಲವಂತದ ದುಡಿಮೆಯೇ ಎಂದು ತೀರ್ಪು ನೀಡಿತು. ‘ಅವರೇ ಒಪ್ಪಿಕೊಂಡು ಬಂದಿದ್ದಾರೆ, ನಾವೇನು ಎಳೆದುಕೊಂಡು ಬಂದೆವೇ’ ಎಂಬ ಮಾತು ನಮ್ಮ ಕಡೆ ಬಹಳ ಕೇಳಿಬರುತ್ತದೆ. ಆ ಮಾತಿಗೆ ಅಂದೇ ಉತ್ತರ ಸಿಕ್ಕಿದೆ.

ಹಾಗಾದರೆ ನಿಮ್ಮಲ್ಲಿ ಮುಂಗಡ ಕೊಡುವುದೇ ಇಲ್ಲವೇ?

ಕೊಡುತ್ತೇವೆ. ಕೊಡದಿದ್ದರೆ ಜನ ಬಡ್ಡಿಯವರ ಬಳಿ ಹೋಗುತ್ತಾರೆ, ಆ ಹಗ್ಗ ಇನ್ನೂ ಬಿಗಿ. ಪ್ರಶ್ನೆ ಇರುವುದು ಹೇಗೆ ಕೊಡುತ್ತೇವೆ, ಹೇಗೆ ಬರೆಯುತ್ತೇವೆ ಎಂಬುದರಲ್ಲಿ.

ನಮ್ಮಲ್ಲಿ ಕೆಲಸ ಕೇಳಲು ಬಂದ ಒಬ್ಬರು ತಮ್ಮ ಹಿಂದಿನ ಮೇಸ್ತ್ರಿಯ ಪುಸ್ತಕವನ್ನು ನನಗೆ ತೋರಿಸಿದ್ದರು. ಉದ್ದನೆಯ, ಕೆಂಪು ರಟ್ಟಿನ ಲೆಕ್ಕದ ಪುಸ್ತಕ. ಎಡಗಡೆಯ ಹಾಳೆಯಲ್ಲಿ ಮೇಲೆ ಮುಂಗಡದ ಮೊತ್ತ, ಅದರ ಕೆಳಗೆ ಒಂದರ ಕೆಳಗೊಂದು ‘ಬಸ್ ಚಾರ್ಜ್’, ‘ದವಾಖಾನೆ’, ‘ಪಂಚಮಿ’, ‘ಅಕ್ಕಿ’, ‘ಗೈರು’. ಗೈರಾದ ದಿನದ ಕೂಲಿ ಬರುವುದಿಲ್ಲ, ಸರಿ. ಈ ಪುಸ್ತಕದಲ್ಲಿ ಗೈರಾದ ದಿನಕ್ಕೆ ಸಾಲವೇ ಹೆಚ್ಚುತ್ತಿತ್ತು. ಬಲಗಡೆಯ ಹಾಳೆಯಲ್ಲಿ ಹಾಜರಿಯ ಗೀಟುಗಳು. ದಿನಕ್ಕೆ ಎಷ್ಟು ಕೂಲಿ ಎಂಬುದು ಎರಡೂ ಹಾಳೆಗಳಲ್ಲಿ ಎಲ್ಲಿಯೂ ಇರಲಿಲ್ಲ. ಎಡಗಡೆಯ ಹಾಳೆಯ ಕೊನೆಯಲ್ಲಿ ಹೆಬ್ಬೆಟ್ಟಿನ ಗುರುತಿತ್ತು, ಅದರ ಮೇಲೆ ಅಕ್ಷರಗಳು ಹಾದುಹೋಗಿದ್ದವು. ಅಂದರೆ ಹೆಬ್ಬೆಟ್ಟು ಮೊದಲು ಬಿದ್ದಿದೆ, ಲೆಕ್ಕ ಆಮೇಲೆ ಬಂದಿದೆ. ಆ ಹಾಳೆಯಲ್ಲಿ ಸಾಲ ತೀರುವ ದಾರಿಯೇ ಇರಲಿಲ್ಲ.

ನಮ್ಮ ಕ್ರಮ ಇದರ ತದ್ವಿರುದ್ಧ. ಮುಂಗಡಕ್ಕೆ ಬಡ್ಡಿ ಇಲ್ಲ. ಮುಂಗಡದ ಪುಸ್ತಕ ಬೇರೆ, ಪಗಾರದ ಪುಸ್ತಕ ಬೇರೆ. ಪ್ರತಿ ತಿಂಗಳು ಎಷ್ಟು ಕಡಿತ ಎಂಬುದನ್ನು ಕೊಡುವ ದಿನವೇ ಬರೆದು, ಕನ್ನಡದಲ್ಲಿ ಓದಿ ಹೇಳಿ, ಒಂದು ಪ್ರತಿಯನ್ನು ಅವರ ಕೈಗೆ ಕೊಡುತ್ತೇವೆ. ಹೊಸ ವೇತನ ಸಂಹಿತೆಯ ಪ್ರಕಾರ ಎಲ್ಲ ಕಡಿತಗಳೂ ಸೇರಿ ವೇತನದ ಅರ್ಧವನ್ನು ಮೀರುವಂತಿಲ್ಲ. ನಾವು ಅದಕ್ಕಿಂತ ಬಹಳ ಕೆಳಗೇ ನಿಲ್ಲುತ್ತೇವೆ, ಏಕೆಂದರೆ ಅರ್ಧ ಪಗಾರದಲ್ಲಿ ಮನೆ ನಡೆಸುವವರು ಮರುತಿಂಗಳು ಮತ್ತೆ ಮುಂಗಡ ಕೇಳಲೇಬೇಕಾಗುತ್ತದೆ. ಇನ್ನೊಂದು ಮಾತು ಆ ಚೀಟಿಯಲ್ಲೇ ಅಚ್ಚಾಗಿದೆ: ಮುಂಗಡ ಬಾಕಿ ಇದ್ದರೂ ಕೆಲಸ ಬಿಟ್ಟು ಹೋಗಬಹುದು. ಬಾಕಿ ಹಣ ಕೊಡಬೇಕಾದ ಹಣವೇ ಹೌದು, ಅದನ್ನು ಕೊಡುವ ಬಗೆಯನ್ನು ಮಾತಾಡಿಕೊಳ್ಳೋಣ. ಅದಕ್ಕಾಗಿ ಮೈ ಒತ್ತೆ ಇಡಬೇಕಿಲ್ಲ.

ಹೀಗೆ ಮಾಡಿದರೆ ದುಡ್ಡು ತೆಗೆದುಕೊಂಡು ಓಡಿಹೋಗುವುದಿಲ್ಲವೇ?

ಒಬ್ಬಿಬ್ಬರು ಹೋಗುತ್ತಾರೆ. ಆ ನಷ್ಟವನ್ನು ವ್ಯಾಪಾರದ ಖರ್ಚಿಗೆ ಬರೆದುಕೊಳ್ಳುತ್ತೇವೆ. ಅವರನ್ನು ಹುಡುಕಿಸುವುದು, ಅಣ್ಣನನ್ನೋ ತಮ್ಮನನ್ನೋ ಬದಲಿಗೆ ಕಳಿಸಿ ಎನ್ನುವುದು, ಊರಿಗೆ ಹೋಗಿ ಹಿರಿಯರ ಮುಂದೆ ನಿಲ್ಲಿಸುವುದು ಇವು ಯಾವುವೂ ಇಲ್ಲ. ಒಬ್ಬರ ಸಾಲಕ್ಕೆ ಮನೆಯವರನ್ನು ದುಡಿಸುವುದನ್ನು ಜೀತ ಪದ್ಧತಿಯ ಭಾಗವೆಂದೇ 1976ರ ಕಾಯ್ದೆ ಹೆಸರಿಸಿದೆ.

ಮೇಸ್ತ್ರಿಗಳ ಮೂಲಕ ಆಳುಗಳನ್ನು ತರಿಸುತ್ತೀರಾ?

ದೊಡ್ಡ ಹುಲ್ಲುಹಾಸು ಹಾಕುವಾಗ, ಮಳೆಗಾಲದ ಮೊದಲು ಸಾಲುಗಿಡಗಳಿಗೆ ಗುಂಡಿ ತೋಡುವಾಗ ತರಿಸುತ್ತೇವೆ. ಮೇಸ್ತ್ರಿಗಳೆಲ್ಲ ಕೆಟ್ಟವರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಪರಿಚಿತ ಊರಿಗೆ ಬಂದ ಹೆಣ್ಣುಮಗಳಿಗೆ ಇರಲು ಜಾಗ ನೋಡಿಕೊಟ್ಟು, ಜ್ವರ ಬಂದರೆ ಕಿಮ್ಸ್ ಆಸ್ಪತ್ರೆಗೆ ಕರೆದುಕೊಂಡು ಹೋಗುವವರೂ ಅವರೇ. ಆದರೆ ಕೂಲಿ ಅವರ ಕೈ ಮೂಲಕ ಹೋಗುವ ಏರ್ಪಾಟು ಮಾತ್ರ ಸರಿಯಲ್ಲ. ಒಳ್ಳೆಯವರಿಗೂ ಅದು ಆಸೆ ಹುಟ್ಟಿಸುತ್ತದೆ.

ಹಾಗಾಗಿ ಮೇಸ್ತ್ರಿಗೆ ಅವರ ಕಮಿಷನ್ನನ್ನು ನಾವು ಪ್ರತ್ಯೇಕವಾಗಿ, ಬಿಲ್ ಪಡೆದು ಕೊಡುತ್ತೇವೆ. ಆಳುಗಳ ಕೂಲಿ ಆಳುಗಳಿಗೇ ನೇರ. ಕೆಲಸ ಕೊಡಿಸಿದ್ದಕ್ಕೆ ಅವರಿಂದ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. ಬಂದ ಮೊದಲ ದಿನ ಮೇಸ್ತ್ರಿಯನ್ನು ಆಚೆ ಕಳಿಸಿ, ಮುಂಗಡ ಎಷ್ಟು, ಯಾರಿಂದ, ದಿನಕ್ಕೆ ಎಷ್ಟು ಎಂದು ಹೇಳಿದ್ದಾರೆ ಎಂದು ಒಬ್ಬೊಬ್ಬರನ್ನೇ ಕೇಳುತ್ತೇವೆ. ಗುಂಪಿನಲ್ಲಿ ಕೇಳಿದರೆ ಎಲ್ಲರೂ ಒಬ್ಬರ ಮುಖ ನೋಡಿ ತಲೆಯಾಡಿಸುತ್ತಾರೆ. ಆ ಒಬ್ಬರು ಯಾರು ಎಂದು ಗಮನಿಸಿದರೂ ಬಹಳಷ್ಟು ತಿಳಿಯುತ್ತದೆ. ಹಿಂದಿ ಅಥವಾ ಒಡಿಯಾ ಮಾತ್ರ ಬಲ್ಲವರಿದ್ದರೆ ಮೇಸ್ತ್ರಿಯನ್ನೇ ದುಭಾಷಿಯಾಗಿ ಇಟ್ಟುಕೊಳ್ಳುವುದಿಲ್ಲ.

ಮುಂಡರಗಿ, ಶಿರಹಟ್ಟಿ ಕಡೆಯ ತಾಂಡಾಗಳಿಂದ ವರ್ಷ ವರ್ಷವೂ ಜನ ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗುತ್ತಾರೆ. ಮನೆಗೆ ಬೀಗ ಹಾಕಿ, ಮುದುಕರ ಬಳಿ ಮಕ್ಕಳನ್ನು ಬಿಟ್ಟು ಹೋಗುವುದನ್ನು ನೋಡಿಕೊಂಡೇ ಬೆಳೆದವರು ನಾವು. ನಮ್ಮವರು ಅಲ್ಲಿ ಹೇಗೆ ನಡೆಸಿಕೊಳ್ಳಲ್ಪಡಬೇಕು ಎಂದು ಬಯಸುತ್ತೇವೆಯೋ ಇಲ್ಲಿಗೆ ಬಂದವರನ್ನು ಹಾಗೆ ನಡೆಸಿಕೊಳ್ಳಬೇಕು ಎಂಬುದರಲ್ಲಿ ಚರ್ಚೆಗೆ ಏನೂ ಇಲ್ಲ.

ಪಗಾರ ಯಾವಾಗ, ಹೇಗೆ ಕೊಡುತ್ತೀರಿ?

ತಿಂಗಳ ಪಗಾರದವರಿಗೆ ಮರುತಿಂಗಳ 7ನೇ ತಾರೀಖಿನೊಳಗೆ, ವಾರದ ಕೂಲಿಯವರಿಗೆ ವಾರದ ರಜೆಗೆ ಮೊದಲು, ದಿನಗೂಲಿಯವರಿಗೆ ಅಂದಿನ ಪಾಳಿ ಮುಗಿಯುತ್ತಲೇ. ಕೆಲಸ ಬಿಟ್ಟವರಿಗೆ ಎರಡು ಕೆಲಸದ ದಿನಗಳೊಳಗೆ ಲೆಕ್ಕ ಚುಕ್ತಾ. ಇವು ನಮ್ಮ ಔದಾರ್ಯವಲ್ಲ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ನಿಯಮ. ಹೆಚ್ಚುವರಿ ಗಂಟೆಗಳಿಗೆ ಎರಡು ಪಟ್ಟು ದರ. ಹಬ್ಬದ ಹೊತ್ತಿಗೆ ಒಟ್ಟಿಗೆ ಕೊಡುತ್ತೇವೆ ಎಂದು ಕೂಲಿಯನ್ನು ಹಿಡಿದಿಟ್ಟುಕೊಳ್ಳುವುದು ನಮ್ಮ ಭಾಗದಲ್ಲಿ ಉಪಕಾರ ಎನಿಸಿಕೊಂಡಿದೆ. ಹಿಡಿದಿಟ್ಟ ಕೂಲಿ ಇರುವ ತನಕ ಆ ಮನುಷ್ಯ ಕೆಲಸ ಬಿಡಲಾರ, ಹಾಗಾಗಿ ನಾವು ಅದನ್ನು ಉಪಕಾರವೆಂದು ಎಣಿಸುವುದಿಲ್ಲ.

ಹೆಂಗಸರ ಕೂಲಿ ಅವರ ಸ್ವಂತ ಖಾತೆಗೆ. ಗಂಡನ ಖಾತೆಗೆ ಹಾಕಿ ಎಂದು ಗಂಡಂದಿರೇ ಬಂದು ಕೇಳುತ್ತಾರೆ, ಹಾಕುವುದಿಲ್ಲ. ಖಾತೆ ಇಲ್ಲದಿದ್ದರೆ ತೆರೆಸಿಕೊಡುತ್ತೇವೆ. ಎಟಿಎಂ ಕಾರ್ಡನ್ನು ಮೇಸ್ತ್ರಿ ಇಟ್ಟುಕೊಂಡಿದ್ದರೆ ಖಾತೆಯಿದ್ದೂ ಉಪಯೋಗವಿಲ್ಲ, ಆದ್ದರಿಂದ ಕಾರ್ಡ್ ಯಾರ ಬಳಿ ಇದೆ ಎಂದೂ ಕೇಳುತ್ತೇವೆ.

ಆಧಾರ್ ಕಾರ್ಡನ್ನು ಸುರಕ್ಷಿತವಾಗಿ ಕಚೇರಿಯಲ್ಲಿ ಇಟ್ಟುಕೊಂಡರೆ ತಪ್ಪೇನು?

ತಪ್ಪು. ಮೂಲ ಪ್ರತಿಯನ್ನು ನೋಡಿ, ಜೆರಾಕ್ಸ್ ಮಾಡಿಸಿ, ಅದೇ ಗಳಿಗೆಯಲ್ಲಿ ಹಿಂದಿರುಗಿಸಬೇಕು. ಗುರುತಿನ ದಾಖಲೆಯನ್ನು ಹಿಡಿದಿಟ್ಟುಕೊಳ್ಳುವುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಪಟ್ಟಿ ಮಾಡಿರುವ ಬಲವಂತದ ದುಡಿಮೆಯ 11 ಲಕ್ಷಣಗಳಲ್ಲಿ ಒಂದು.

ನಮ್ಮ ತೋಟದ ಮನೆಗೆ ಒಂದು ಜೋಡಿ ಬೇಕು. ಗಂಡನಿಗೆ ಪಗಾರ ಕೊಡುತ್ತೇವೆ, ಇರಲು ಕೋಣೆ ಇದೆ. ಕಳಿಸುತ್ತೀರಾ?

ಗ್ರಾಹಕರಿಂದ ಹೆಚ್ಚು ಬರುವ ಕೇಳಿಕೆ ಇದೇ, ನನ್ನನ್ನು ಹೆಚ್ಚು ಚಿಂತೆಗೆ ಹಚ್ಚುವುದೂ ಇದೇ. ಕಲಘಟಗಿ ರಸ್ತೆಯಲ್ಲೋ ಧಾರವಾಡದಾಚೆಯೋ ನಾಲ್ಕೈದು ಎಕರೆ ಕೊಂಡು ಮಾವು, ಸಪೋಟ ಹಾಕಿದವರು ಬೆಂಗಳೂರಿನಲ್ಲಿ ಇರುತ್ತಾರೆ. ತೋಟದಲ್ಲಿ ಒಂದು ಕೋಣೆ, ಗೇಟಿಗೆ ಬೀಗ, ಕೀಲಿ ಪಕ್ಕದ ಹೊಲದವರ ಬಳಿ. ಗಂಡನಿಗೆ ಒಂದು ಪಗಾರ. ಹೆಂಡತಿ ಬೆಳಗ್ಗೆ ಅಂಗಳ ಗುಡಿಸುತ್ತಾಳೆ, ಕುಂಡಗಳಿಗೆ ನೀರು ಹಾಕುತ್ತಾಳೆ, ಕಳೆ ಕೀಳುತ್ತಾಳೆ, ಆಕಳ ಸಗಣಿ ಬಾಚುತ್ತಾಳೆ, ಯಜಮಾನರು ಬಂದ ದಿನ ರೊಟ್ಟಿ ಬಡಿಯುತ್ತಾಳೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿಲ್ಲ. ರಾತ್ರಿ ಕಾವಲು ಕೂಡ ಇದ್ದುದರಿಂದ ಗಂಡನ ಕೆಲಸಕ್ಕೆ ಗಂಟೆಯ ಲೆಕ್ಕವಿಲ್ಲ. ತಾಯಿಯ ಊರಿನಲ್ಲಿ ಸಾವಾದರೂ ‘ಒಬ್ಬರು ಇಲ್ಲೇ ಇರಿ’ ಎಂಬ ಅಪ್ಪಣೆ. ಕೇಡು ಬಯಸುವವರು ಇಲ್ಲಿ ಯಾರೂ ಇಲ್ಲ, ಗ್ರಾಹಕರು ಸಜ್ಜನರೇ. ಆದರೂ ಕೂಡಿಸಿ ನೋಡಿದರೆ ಕೂಲಿ ಇಲ್ಲದ ಒಂದು ದುಡಿಮೆ ಮತ್ತು ಹೊರಗೆ ಹೋಗಲಾಗದ ಒಂದು ಕುಟುಂಬ ಅಲ್ಲಿದೆ.

ಆದ್ದರಿಂದ ನಮ್ಮ ಷರತ್ತುಗಳಿವು. ಇಬ್ಬರು ದುಡಿದರೆ ಇಬ್ಬರಿಗೂ ಪಗಾರ, ಇಬ್ಬರ ಹೆಸರಿಗೂ ನೇಮಕಾತಿ ಪತ್ರ. ಗೇಟಿನ ಕೀಲಿಯ ಒಂದು ಪ್ರತಿ ಅವರ ಬಳಿ. ವಾರಕ್ಕೊಂದು ರಜೆ, ಆ ದಿನಕ್ಕೆ ಬದಲಿ ಆಳನ್ನು ನಾವು ಕಳಿಸುತ್ತೇವೆ. ಕೋಣೆಗೆ ಶೌಚಾಲಯ, ಕರೆಂಟು, ಒಳಗಿನಿಂದ ಹಾಕಿಕೊಳ್ಳಲು ಚಿಲಕ. ಮಕ್ಕಳಿದ್ದರೆ ಶಾಲೆ ಎಷ್ಟು ದೂರ ಎಂಬುದನ್ನು ಮೊದಲೇ ನೋಡುತ್ತೇವೆ, ದೂರವಾದರೆ ಆ ಕುಟುಂಬವನ್ನು ಕಳಿಸುವುದಿಲ್ಲ. ಇದು ದುಬಾರಿ ಎಂದು ಹಿಂದೆ ಸರಿದ ಗ್ರಾಹಕರಿದ್ದಾರೆ.

ಕೆಲಸಕ್ಕೆ ಸೇರಲು ಎಷ್ಟು ವಯಸ್ಸಾಗಿರಬೇಕು?

18. ಕಾನೂನು 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿ, 14ರಿಂದ 18ರವರೆಗಿನವರನ್ನು ಅಪಾಯಕಾರಿ ಕೆಲಸಗಳಿಂದ ದೂರವಿಟ್ಟಿದೆ. ಕೀಟನಾಶಕ, ಹುಲ್ಲು ಕತ್ತರಿಸುವ ಯಂತ್ರ, ಎತ್ತರದ ಕೊಂಬೆ ಕಡಿಯುವುದು ಎಲ್ಲವೂ ಇರುವ ನಮ್ಮ ಕೆಲಸದಲ್ಲಿ ಆ ಗೆರೆಯನ್ನು ದಿನಾ ಅಳೆಯುತ್ತ ಕೂರುವುದಕ್ಕಿಂತ 18 ಎಂದು ನಿಲ್ಲಿಸುವುದೇ ಲೇಸು. ರಜೆಯಲ್ಲಿ ಅಪ್ಪನ ಜೊತೆ ಬಂದ ಹುಡುಗನಿಗೂ ಇದೇ ನಿಯಮ. ಗುದ್ದಲಿ ಮುಟ್ಟುವಂತಿಲ್ಲ.

ಸಾಮಾನು ಪೂರೈಸುವವರ ಆಳುಗಳ ಬಗ್ಗೆ ನೀವೇಕೆ ತಲೆ ಕೆಡಿಸಿಕೊಳ್ಳಬೇಕು?

ನಾವು ಕೊಡುವ ಹಣದಿಂದಲೇ ಅವರ ಕೆಲಸ ನಡೆಯುವುದರಿಂದ. ನಮ್ಮ ಖರೀದಿ ಪಟ್ಟಿಯಲ್ಲಿ ನಾನು ಹೆಚ್ಚು ಹೊತ್ತು ಕೂರುವುದು ನಾಲ್ಕು ವಸ್ತುಗಳ ಮೇಲೆ.

ಮೊದಲನೆಯದು ಇಟ್ಟಿಗೆ. ಪಾತಿಯ ಅಂಚಿಗೆ, ಕಾಲುದಾರಿಗೆ ಬೇಕೇ ಬೇಕು. ಭಟ್ಟಿಯಲ್ಲಿ ಕೂಲಿ ಸಾವಿರ ಇಟ್ಟಿಗೆಗೆ ಇಷ್ಟು ಎಂದು. ಇಡೀ ಕುಟುಂಬಕ್ಕೆ ಒಂದೇ ಲೆಕ್ಕ, ಮುಂಗಡವೂ ಒಂದೇ. ಮಳೆಗಾಲ ಮುಗಿದ ಮೇಲೆ ಬಂದವರು ಮುಂದಿನ ಮಳೆ ಹಿಡಿಯುವ ತನಕ ಇರುತ್ತಾರೆ, ಪೂರ್ತಿ ಲೆಕ್ಕ ಹಂಗಾಮಿನ ಕೊನೆಗೆ. ಮಣ್ಣು ಕಲಸುವಾಗ, ಹಸಿ ಇಟ್ಟಿಗೆ ಮಗುಚುವಾಗ ಮಕ್ಕಳ ಕೈಯೂ ಸೇರಿದರೆ ಎಣಿಕೆ ಹೆಚ್ಚುತ್ತದೆ, ಹಾಗಾಗಿ ತಂದೆ-ತಾಯಿಯೇ ಸೇರಿಸಿಕೊಳ್ಳಬೇಕಾಗುತ್ತದೆ. ಭಟ್ಟಿಗೆ ನಾವು ಹೇಳದೆ ಹೋಗುತ್ತೇವೆ, ಅದೂ ಶಾಲೆಯ ಹೊತ್ತಿನಲ್ಲಿ. ಹಂಗಾಮಿನ ನಡುವೆ ವಾರಕ್ಕೊಮ್ಮೆ ಕೈಗೆ ದುಡ್ಡು ಬರುತ್ತದೆಯೇ, ಸಂತೆಗೆ ಮನೆಮಂದಿಯೆಲ್ಲ ಒಟ್ಟಿಗೆ ಹೋಗಬಹುದೇ ಎಂದು ಕೇಳುತ್ತೇವೆ. ಗಂಡ ಹೋದಾಗ ಹೆಂಡತಿ-ಮಕ್ಕಳು ಭಟ್ಟಿಯಲ್ಲೇ ಉಳಿಯಬೇಕು ಎಂಬ ನಿಯಮವಿದ್ದರೆ ಅಲ್ಲಿಂದ ಇಟ್ಟಿಗೆ ತರುವುದಿಲ್ಲ.

ಎರಡನೆಯದು ಕಲ್ಲು. ಶಹಾಬಾದ್ ಫರಸಿ ಕಲಬುರಗಿ ಕಡೆಯಿಂದ, ಗ್ರಾನೈಟ್ ಇಳಕಲ್ಲಿನಿಂದ ಬರುತ್ತದೆ. ಹಳದಿ, ಕೆಂಪು ಮರಳುಗಲ್ಲು ಬೇಕೆಂದರೆ ಅದು ಹೆಚ್ಚಾಗಿ ರಾಜಸ್ಥಾನದ್ದು. ಅಲ್ಲಿನ ಗಣಿಗಳ ಮುಂಗಡದ ಜೀತ, ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ, ಬೂಂದಿ ಜಿಲ್ಲೆಯಲ್ಲಿ ಮಕ್ಕಳು ಕೂತು ಕಲ್ಲು ಕೆತ್ತುವುದು ಇವೆಲ್ಲ ಹಲವು ವರ್ಷಗಳಿಂದ ದಾಖಲಾಗಿವೆ. ಇಲ್ಲಿನ ಅಂಗಡಿಯವರಿಗೆ ಯಾವ ಗಣಿಯದು ಎಂದು ಹೇಳಲು ಆಗದಿದ್ದರೆ ಗ್ರಾಹಕರಿಗೆ ಫರಸಿಯನ್ನೇ ಸೂಚಿಸುತ್ತೇವೆ. ಫರಸಿಗೂ ಗಣಿಯ ಹೆಸರು ಕೇಳುತ್ತೇವೆ.

ಮೂರನೆಯದು ಕುರಿ ಗೊಬ್ಬರ. ಇದನ್ನು ಹೇಳಿದಾಗ ಜನರಿಗೆ ಆಶ್ಚರ್ಯ. ಗದಗ, ಹಾವೇರಿ ಜಿಲ್ಲೆಗಳ ಕುರಿಹಟ್ಟಿಗಳಿಂದ ನಮಗೆ ಒಳ್ಳೆಯ ಗೊಬ್ಬರ ಬರುತ್ತದೆ, ಆ ಕುರಿಗಾರರ ಮೇಲೆ ನನಗೆ ಗೌರವವಿದೆ. ಆದರೆ ಹಿಂಡಿನ ಹಿಂದೆ ಕೋಲು ಹಿಡಿದು ನಡೆಯುವ ಹುಡುಗ ಮನೆಯವನೋ, ವರ್ಷಕ್ಕೆ ಇಷ್ಟು ಎಂದು ಅಪ್ಪನಿಗೆ ಹಣ ಕೊಟ್ಟು ತಂದವನೋ? ವರ್ಷದ ಲೆಕ್ಕಕ್ಕೆ ಹುಡುಗನನ್ನು ಬಿಟ್ಟರೆ ಅದು ಜೀತವೇ. ಗೊಬ್ಬರದ ಲಾರಿ ತುಂಬಿಸುವಾಗ ಈ ಪ್ರಶ್ನೆಯನ್ನು ಕೇಳದೆ ಹಣ ಕೊಡುವುದಿಲ್ಲ.

ನಾಲ್ಕನೆಯದು ಬೀಜ. ರಾಣೆಬೆನ್ನೂರು ಸುತ್ತಮುತ್ತ ತರಕಾರಿಯ ಹೈಬ್ರಿಡ್ ಬೀಜೋತ್ಪಾದನೆ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಒಂದೊಂದೇ ಹೂವಿನ ಗಂಡು ಭಾಗವನ್ನು ಚಿಮ್ಮಟದಿಂದ ತೆಗೆದು, ಬೇರೆ ಗಿಡದ ಪರಾಗ ಸವರಬೇಕು. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಹೂ ಅರಳುವ ದಿನಗಳಲ್ಲಿ ಇದನ್ನು ತಪ್ಪಿಸುವಂತಿಲ್ಲ, ಸಣ್ಣ ಬೆರಳಿನವರಿಗೆ ಇದು ಸಲೀಸು ಎಂಬ ನಂಬಿಕೆಯೂ ಇದೆ. ಹಾಗಾಗಿ ಮಕ್ಕಳು ಶಾಲೆ ಬಿಡುವುದು ಈ ದಿನಗಳಲ್ಲೇ. ಕೈತೋಟದ ಬೀಜದ ಪೊಟ್ಟಣ ಕೊಳ್ಳುವಾಗ, ಬೆಳೆಸಿದ ಹೊಲಗಳನ್ನು ಬಾಲಕಾರ್ಮಿಕರ ವಿಚಾರವಾಗಿ ಪರಿಶೀಲಿಸುತ್ತೀರಾ ಎಂದು ಕಂಪನಿಯನ್ನು ಲಿಖಿತವಾಗಿ ಕೇಳುತ್ತೇವೆ. ಆಗುವ ಕಡೆ ನಾಟಿ ತಳಿಯ ಬೀಜಗಳನ್ನೇ ಬಳಸುತ್ತೇವೆ.

ತೆಂಗಿನ ನಾರಿನ ಪುಡಿ, ಮಣ್ಣಿನ ಕುಂಡ, ಪೈಪು, ಸಲಕರಣೆಗಳಿಗೂ ಪ್ರಶ್ನಾವಳಿ ಇದೆ. ಪ್ರಶ್ನಾವಳಿಗೆ ಎಲ್ಲರೂ ‘ನಮ್ಮಲ್ಲಿ ಅಂಥದ್ದೇನಿಲ್ಲ’ ಎಂದೇ ಬರೆಯುತ್ತಾರೆ, ಹೋಗಿ ನೋಡಿದ್ದಕ್ಕೆ ಇರುವ ಬೆಲೆ ಅದಕ್ಕಿಲ್ಲ.

ಬೇರೆಯವರು ನಿಮಗಿಂತ ಬಹಳ ಕಡಿಮೆ ದರ ಹೇಳುತ್ತಾರೆ. ನೀವೂ ಇಳಿಸಬಹುದಲ್ಲ?

ದರಪಟ್ಟಿಯನ್ನು ಬಿಡಿಸಿ ನೋಡಿ. ಮಾಲಿಯ ಕನಿಷ್ಠ ವೇತನ, ಪ್ರತಿ ಏಪ್ರಿಲ್‌ನಲ್ಲಿ ಬದಲಾಗುವ ತುಟ್ಟಿಭತ್ಯೆ, ಭವಿಷ್ಯನಿಧಿ, ಇಎಸ್‌ಐ, ವಾರದ ರಜೆಗೆ ಬದಲಿ ಆಳು, ಕೈಗವಸು, ಗೊಬ್ಬರ, ಸಾಗಣೆ ಇಷ್ಟನ್ನು ಬಿಡಿಬಿಡಿಯಾಗಿ ಬರೆದೇ ಕೊಡುತ್ತೇವೆ. ಗೊಬ್ಬರದಲ್ಲೋ ನಮ್ಮ ಲಾಭದಲ್ಲೋ ಚೌಕಾಶಿ ಮಾಡಿ, ಸಂತೋಷ. ಕೂಲಿಯ ಸಾಲಿನಲ್ಲಿ ಚೌಕಾಶಿ ಇಲ್ಲ. ಬೇರೆಯವರ ಒಟ್ಟು ದರ ಇಬ್ಬರು ಮಾಲಿಗಳ ಕನಿಷ್ಠ ವೇತನಕ್ಕೂ ಸಾಲದಿದ್ದರೆ, ಉಳಿದದ್ದನ್ನು ಯಾರು ಕಟ್ಟುತ್ತಿದ್ದಾರೆ ಎಂದು ಅವರನ್ನೇ ಕೇಳಿ. ಅತಿ ಕಡಿಮೆ ದರದವರಿಗೇ ಟೆಂಡರ್ ಎಂಬ ಪದ್ಧತಿ ಇಟ್ಟುಕೊಂಡ ಸಂಸ್ಥೆಗಳು, ಕನಿಷ್ಠ ವೇತನದ ಮೊತ್ತವನ್ನು ಮೊದಲೇ ತೆಗೆದಿಟ್ಟು ಉಳಿದ ಭಾಗಕ್ಕೆ ಮಾತ್ರ ದರ ಕರೆದರೆ ಎಷ್ಟೋ ಅನ್ಯಾಯ ತಪ್ಪುತ್ತದೆ.

ನಮ್ಮ ಮಾತೃಸಂಸ್ಥೆ ಬ್ರಿಟನ್ನಿನಲ್ಲಿದೆ. ಆಧುನಿಕ ಗುಲಾಮಗಿರಿ ಹೇಳಿಕೆ ಕೇಳುತ್ತಿದ್ದಾರೆ. ಕೊಡುತ್ತೀರಾ?

ಕೊಡುತ್ತೇವೆ. ಅಲ್ಲಿನ 2015ರ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ, ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಹೆಚ್ಚು ವಹಿವಾಟು ಇದ್ದು ಅಲ್ಲಿ ವ್ಯಾಪಾರ ನಡೆಸುವ ಸಂಸ್ಥೆಗಳು, ತಮ್ಮಲ್ಲೂ ತಮ್ಮ ಪೂರೈಕೆದಾರರಲ್ಲೂ ಬಲವಂತದ ದುಡಿಮೆ ಇರದಂತೆ ಏನು ಮಾಡಿದ್ದೇವೆ ಎಂಬ ಹೇಳಿಕೆ ಪ್ರಕಟಿಸಬೇಕು. ಆ ಕಾಯ್ದೆ ನಮಗೆ ನೇರವಾಗಿ ತಾಗದು, ನಿಮ್ಮ ಪೂರೈಕೆದಾರರಾಗಿ ಮಾಹಿತಿ ಕೊಡುತ್ತೇವೆ. ಹೇಳಿಕೆಯ ಜೊತೆ ಹಾಜರಿ ಮತ್ತು ಪಗಾರದ ಪುಸ್ತಕಗಳನ್ನೂ ನಿಮ್ಮವರು ಬಂದು ನೋಡಲಿ.

ನಮ್ಮ ಬಡಾವಣೆಯ ಉದ್ಯಾನದಲ್ಲೋ ಪಕ್ಕದ ತೋಟದಲ್ಲೋ ಅನುಮಾನ ಬಂದರೆ ಗುರುತಿಸುವುದು ಹೇಗೆ?

ಒಂದೇ ಲಕ್ಷಣದಿಂದ ತೀರ್ಮಾನಕ್ಕೆ ಬರಬೇಡಿ. ಕೇಳಿದ ಪ್ರಶ್ನೆಗೆ ಆಳಿನ ಬದಲು ಬೇರೆಯವರು ಉತ್ತರಿಸುವುದು, ದಿನಕ್ಕೆ ಎಷ್ಟು ಕೂಲಿ ಎಂಬುದು ಅವರಿಗೇ ತಿಳಿಯದಿರುವುದು, ರಾತ್ರಿ ಹೊರಗಿನಿಂದ ಬೀಗ, ಫೋನಿಗೆ ಸ್ವಂತ ಸಿಮ್ ಇಲ್ಲದಿರುವುದು, ಜ್ವರದಲ್ಲೂ ಕೆಲಸ, ‘ಲೆಕ್ಕ ಮುಗಿಯಲಿ, ಆಮೇಲೆ ಊರಿಗೆ’ ಎಂಬ ಮಾತು ಇವು ಒಂದಕ್ಕೊಂದು ಸೇರುತ್ತ ಹೋದರೆ ಎಚ್ಚರವಾಗಬೇಕು. ಮೇಸ್ತ್ರಿಯ ಮುಂದೆ ಕೇಳಲು ಹೋಗಬೇಡಿ. ನೀವು ಮನೆಗೆ ಮರಳಿದ ಮೇಲೆ ಅದರ ಪೆಟ್ಟು ಬೀಳುವುದು ಆ ಆಳಿಗೆ.

ಯಾರಿಗೆ ತಿಳಿಸಬೇಕು?

ಜೀವಕ್ಕೆ ಅಪಾಯವಿದ್ದರೆ 112. ಮಕ್ಕಳಿದ್ದರೆ 1098. ಜೀತದ ದೂರನ್ನು ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ ಲಿಖಿತವಾಗಿ ಕೊಡಬೇಕು. ಜೀತದಾಳುಗಳನ್ನು ಗುರುತಿಸಿ ಬಿಡಿಸುವ ಹೊಣೆ ಕಾಯ್ದೆಯ ಪ್ರಕಾರ ಜಿಲ್ಲಾಡಳಿತದ್ದು, ಜಿಲ್ಲೆಗೂ ಉಪವಿಭಾಗಕ್ಕೂ ಒಂದೊಂದು ಜಾಗೃತಿ ಸಮಿತಿ ಇರಬೇಕು. ಕೂಲಿ ಬಾಕಿಗೆ ಕಾರ್ಮಿಕ ಇಲಾಖೆ. ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಬಹುದು, ಅಥವಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು.

ದುಡಿಸಿಕೊಂಡವನಿಗೆ ಜೀತ ಕಾಯ್ದೆಯಡಿ 3 ವರ್ಷದವರೆಗೆ ಸೆರೆ, 2,000 ರೂಪಾಯಿವರೆಗೆ ದಂಡ. ಆ ದಂಡ 1976ರ ಮೊತ್ತದಲ್ಲೇ ನಿಂತಿರುವುದು ನನಗೆ ನೋವಿನ ವಿಷಯ. ಆದರೆ ಮೋಸದಿಂದ, ಬೆದರಿಕೆಯಿಂದ ಕರೆತಂದು ದುಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಪ್ರಕಾರ ಅದು ಮಾನವ ಸಾಗಣೆ. ಶಿಕ್ಷೆ 7 ವರ್ಷದಿಂದ ಮೇಲಕ್ಕೆ, ಬಲಿಯಾದವರ ಒಪ್ಪಿಗೆ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರನ್ನು ಆ ಸಮುದಾಯಗಳಿಗೆ ಸೇರದವರು ಜೀತಕ್ಕಿಟ್ಟರೆ ದೌರ್ಜನ್ಯ ತಡೆ ಕಾಯ್ದೆಯೂ ಅನ್ವಯಿಸುತ್ತದೆ.

ಬಿಡುಗಡೆಯಾದ ಮೇಲೆ ಆ ಸಾಲವನ್ನು ಯಾರು ತೀರಿಸಬೇಕು?

ಯಾರೂ ಅಲ್ಲ. ಜೀತದ ಸಾಲ ಕಾನೂನಿನ ಪ್ರಕಾರ ಅಳಿದುಹೋಗಿದೆ. ಅದನ್ನು ವಸೂಲಿ ಮಾಡುವುದೇ ಅಪರಾಧ. ಅದು ಜೀತದ ಸಾಲವಲ್ಲ ಎಂದು ಸಾಬೀತುಪಡಿಸುವ ಭಾರವೂ ಸಾಲ ಕೊಟ್ಟವನ ಮೇಲಿದೆ, ದುಡಿದವರ ಮೇಲಲ್ಲ.

ಜೀತದಿಂದ ಬಿಡಿಸಲಾಗಿದೆ ಎಂದು ಜಿಲ್ಲಾಡಳಿತ ಬರೆದುಕೊಡುವ ಬಿಡುಗಡೆ ಪ್ರಮಾಣಪತ್ರವನ್ನು ಮಾತ್ರ ಮರೆಯದೆ ಪಡೆಯಬೇಕು. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತಕ್ಷಣದ ನೆರವು 30,000 ರೂಪಾಯಿವರೆಗೆ ಇದೆ, ಅದಕ್ಕೆ ಮೊಕದ್ದಮೆ ಮುಗಿಯುವ ತನಕ ಕಾಯಬೇಕಿಲ್ಲ. ಆಮೇಲಿನ ಪರಿಹಾರ ವಯಸ್ಕ ಗಂಡಸರಿಗೆ 1 ಲಕ್ಷ, ಹೆಂಗಸರು ಮತ್ತು ಮಕ್ಕಳಿಗೆ 2 ಲಕ್ಷ, ಲೈಂಗಿಕ ಶೋಷಣೆ, ಸಾಗಣೆಯಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ. ಪ್ರಮಾಣಪತ್ರ ಕೈಗೆ ಬರುವ ಮೊದಲೇ ಬಸ್ ಹತ್ತಿಸಿ ಊರಿಗೆ ಕಳಿಸಿದರೆ, ಆ ಕುಟುಂಬ ಮುಂದಿನ ಹಂಗಾಮಿಗೆ ಮತ್ತದೇ ಮುಂಗಡಕ್ಕೆ ಕೈ ಚಾಚುತ್ತದೆ.

ನಾನು ನಿಮಗೆ ಸಾಮಾನು ಪೂರೈಸುವವನು. ನನ್ನಲ್ಲಿ ಮುಂಗಡದ ಆಳುಗಳಿದ್ದಾರೆ ಎಂದು ಒಪ್ಪಿಕೊಂಡರೆ ವ್ಯವಹಾರ ನಿಲ್ಲಿಸುತ್ತೀರಾ?

ನೀವಾಗಿ ಹೇಳಿದರೆ ತಕ್ಷಣ ನಿಲ್ಲಿಸುವುದಿಲ್ಲ. ನಾವು ಕೈಬಿಟ್ಟ ಮಾತ್ರಕ್ಕೆ ಆ ಆಳುಗಳಿಗೆ ಬಿಡುಗಡೆ ಆಗದು. ನಿಮ್ಮ ಸರಕನ್ನು ಪ್ರಶ್ನೆ ಕೇಳದ ಇನ್ನೊಬ್ಬರು ಕೊಳ್ಳುತ್ತಾರೆ, ಅಷ್ಟೇ. ಕೂಡಿ ಕುಳಿತು ಲೆಕ್ಕದ ಪುಸ್ತಕ ತೆರೆಯೋಣ. ಯಾರಿಗೆ ಹೋಗಬೇಕೆಂದಿದೆಯೋ ಅವರು ಅಂದೇ ಹೋಗಬಹುದು ಎಂದು ನೀವೇ ಅವರಿಗೆ ಹೇಳಬೇಕು, ನಾವು ಎದುರಿಗಿರಬೇಕು. ಉಳಿಯುವವರಿಗೆ ಕನಿಷ್ಠ ವೇತನದ ಲೆಕ್ಕದಲ್ಲಿ ಹಿಂದಿನ ಬಾಕಿ ಕೊಡಬೇಕು, ಇನ್ನು ಮುಂದೆ ವಾರದ ಕೂಲಿ ನೇರ ಕೈಗೆ. ಇದರಿಂದ ನಿಮ್ಮ ಖರ್ಚು ಏರಿದರೆ ದರದಲ್ಲಿ ಅಷ್ಟನ್ನು ನಾವು ಹೆಚ್ಚಿಸಿ ಕೊಡುತ್ತೇವೆ, ಗ್ರಾಹಕರಿಗೂ ಕಾರಣ ಹೇಳುತ್ತೇವೆ. ಆದರೆ ಅಲ್ಲಿ ಮಗುವೊಂದು ದುಡಿಯುತ್ತಿದ್ದರೆ, ಹೊಡೆತ-ಬಡಿತ ಇದ್ದರೆ, ಯಾರನ್ನಾದರೂ ಕೂಡಿಹಾಕಿದ್ದರೆ ಮಾತುಕತೆಗೆ ಎಡೆಯಿಲ್ಲ, ಅಂದೇ ಅಧಿಕಾರಿಗಳಿಗೆ ತಿಳಿಸುತ್ತೇವೆ. ಮುಚ್ಚಿಟ್ಟದ್ದು ನಮ್ಮ ಭೇಟಿಯಲ್ಲಿ ಹೊರಬಿದ್ದರೂ ಅಷ್ಟೇ. ಈ ಷರತ್ತು ಖರೀದಿ ಕರಾರಿನ ಮೊದಲ ಪುಟದಲ್ಲೇ ಇದೆ, ಸಹಿ ಮಾಡುವ ಮೊದಲು ಓದಿಸಿಕೊಳ್ಳಿ.